ಗಡಾಯಿಕಲ್ಲಿನ ತುದಿಯಲ್ಲಿ ಬೆಲ್ಲ ನೀರು

ಗಡಾಯಿಕಲ್ಲು ಬೆಟ್ಟದ ಬುಡದಲ್ಲೇ ಮನೆಯಿದ್ದರೂ ಐವತ್ತು ದಾಟುವವರೆಗೆ ನಾನು ಅದನ್ನು ಹತ್ತಿರಲಿಲ್ಲ. ಹತ್ತಲೆಂದು ಬಿ.ಸಿ.ರೋಡ್ ಪೇಟೆಯಿಂದ ಹೊಸ ಶೂ ಹಾಕಿಕೊಂಡು ಬಂದ ಇಬ್ಬರು ಶಾಲಾ ಗೆಳತಿಯರು, ಮನೆಗೆ ಬಂದವರಿಗೆ ನಾವು ಮೊದಲು ಕೊಡುವ ಬೆಲ್ಲ ನೀರನ್ನೂ ಮುಟ್ಟದೆ ಅವಸರ ಮಾಡಿದರು. ಬೆಲ್ಲವನ್ನೂ ನೀರಿನ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡು ನಾನೂ ಹೊರಟೆ.

ಮೊದಲ ಮೆಟ್ಟಿಲುಗಳಲ್ಲೇ ನನ್ನ ಮಂಡಿಯ ಪಟ್ಟಿ ನೋಡಿ ಒಬ್ಬಳು, "ನಿನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ, ಇಲ್ಲೇ ಕೂತ್ಕೋ. ನಾವು ಹೋಗಿ ಬರ್ತೇವೆ" ಅಂದಳು. ನನಗೆ ಮೈ ಉರಿಯಿತು. ಹತ್ತುತ್ತಲೇ ಹೋದೆ. ಅವರು ತಿರುವು ತಿರುವಿಗೂ ಫೋಟೊ ತೆಗೆಯುತ್ತಾ ನಿಂತರು. ಕೂತರೆ ಮಂಡಿ ಏಳಲು ಬಿಡುವುದಿಲ್ಲವೆಂದು ನಾನು ಎಲ್ಲೂ ಕೂರಲಿಲ್ಲ.

ತುದಿ ಮುಟ್ಟಿದವಳು ಮೊದಲು ನಾನೇ. ಕೆಳಗೆ ನನ್ನ ಮನೆ ಬೆಂಕಿಪೆಟ್ಟಿಗೆಯಷ್ಟು ಕಂಡಿತು. ಅವರಿಬ್ಬರೂ ಏದುಸಿರು ಬಿಡುತ್ತಾ ಬಂದಾಗ ಬೆಲ್ಲ, ನೀರು ಮುಂದಿಟ್ಟೆ.

"ಬನ್ನಿ, ಕೂತ್ಕೊಳ್ಳಿ. ದೂರದಿಂದ ಬಂದಿದ್ದೀರಿ."