ಕೋವಿ ಕೆಳಗಿಡಿ

ಎಲ್ಲ ಕೆಟ್ಟದ್ದು ಸಂಜೆ ನಾಲ್ಕೂಕಾಲಿಗೆ. ಕೊಪ್ಪದ ಬಸ್‌ಸ್ಟ್ಯಾಂಡ್ ಪಕ್ಕದ ತನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಗೆಳೆಯ ನಮ್ಮ ಕ್ಯಾಸೆಟ್ ಹಾಕಿ ಸ್ಪೀಕರನ್ನು ರಸ್ತೆಗೆ ತಿರುಗಿಸಿದ. ಬೇಡ ಎಂದರೂ ಕೇಳಲಿಲ್ಲ.

ಕ್ಯಾಸೆಟ್ ನಾವಿಬ್ಬರೇ ಮಾಡಿದ್ದು. ಅವನ ಭಾವ ಗಲ್ಫಿನಿಂದ ತಂದ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಅವನಮ್ಮನ ಬ್ಯಾರಿ ಭಾಷೆಯ ಜೋಗುಳವನ್ನೂ ನಮ್ಮಮ್ಮನ ಜೋಗುಳವನ್ನೂ ಹೆಣೆದಿದ್ದೆವು. ಯಾವುದು ಯಾರದ್ದೆಂದು ಕೇಳಿದವರಿಗೆ ಗೊತ್ತಾಗಬಾರದು ಎಂಬುದು ಅವನ ಹಟ. ಹೊಡೆದಾಟ ಬೇಡ ಎನ್ನಲು ನಡುವೆ ಒಂದೇ ಮಾತು. ಬಿ.ಎ. ಓದಿದ ನಾನು ಬರೆದದ್ದನ್ನು ಅವನು ವಾರ್ತೆ ಓದುವವರ ಗತ್ತಿನಲ್ಲಿ ಹೇಳಿದ್ದ: 'ಕೋವಿ ಕೆಳಗಿಡಿ.'

ಎಲೆಕ್ಷನ್ ಬಂದರೆ ನಮ್ಮ ಕಡೆ ಹಂದಿ ಓಡಿಸುವ ಲೈಸೆನ್ಸ್ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಜೀಪಿನ ಮೈಕಿನಲ್ಲಿ ಇದೇ ಗತ್ತಿನಲ್ಲಿ ಕೂಗುತ್ತಾರೆ. ಅವತ್ತು ಕಮ್ಮರಡಿ ಕಡೆಯ ಯಜಮಾನರೊಬ್ಬರು ಲೈಸೆನ್ಸ್ ರಿನ್ಯೂ ಮಾಡಿಸಿ, ಕೋವಿ ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಸೀದಾ ಅಂಗಡಿಗೆ ನುಗ್ಗಿದರು.

'ಈಗಷ್ಟೇ ರಿನ್ಯೂ ಮಾಡ್ಸಿದ್ದು! ಗದ್ದೆ ಕಾಯೋಕೆ ನಿಮ್ಮ ಹಾರ್ಮೋನಿಯಂ ಬತ್ತದಾ?'

'ಯಜಮಾನ್ರೇ, ಇದು ಹಾಡು,' ಎಂದ ಗೆಳೆಯ.

'ಹಾಡಾದ್ರೆ ಆರ್ಡರ್ ಎಂತಕ್ಕೆ? ತಗಾ, ಇಟ್ಟೆ!'

ಕೌಂಟರಿನ ಮೇಲೆ ಕುಕ್ಕಿದರು. ಹಳೆಯ ಕೇಪಿನ ಕೋವಿ, ಒಳಗಿದ್ದ ಮದ್ದು ತೆಗೆದೇ ಇರಲಿಲ್ಲ. ಢಮ್ ಎಂದಿತು. ಚರೆಗಳು ನಮ್ಮಿಬ್ಬರ ತಲೆಗಳ ನಡುವೆ ಹಾದು ಹಿಂದಿನ ಹಲಗೆಗೆ ನಾಟಿದವು. ಯಜಮಾನರು 'ಅಯ್ಯಯ್ಯೋ' ಎನ್ನುತ್ತ ನಮ್ಮಿಬ್ಬರ ತಲೆ ತಡವಿ ನೋಡಿದರು.

ಆ ನಳಿಗೆಯ ಬಾಯಿ ಈಗಲೂ ಕಣ್ಣಿಗೆ ಕಟ್ಟಿದೆ. ಮೊದಲು ಅವನತ್ತ, ಆಮೇಲೆ ನನ್ನತ್ತ, ಆಮೇಲೆ ನಡುವೆ. ಒಂದು ಗೇಣು ಈಚೆಗಿದ್ದಿದ್ದರೆ? ಕದ ಬಡಿದರೂ ಎದ್ದು ಕೂರುವಂತಾಯಿತು. ಅವನಿಗೂ ನಿದ್ದೆಯಿಲ್ಲವೆಂದು ಅವನಮ್ಮ ಹೇಳಿದರು.

'ಆ ಮಾತು ತೆಗೆದುಬಿಡು,' ಎಂದೆ.

'ತೆಗೆದ್ರೆ ಉಳಿಯೋದೆಂತ, ಪೀಂ ಪೀಂ ಸದ್ದಾ? ನಮ್ಮೂರಲ್ಲೇ ಹಾಕೋಕಾಗದಿದ್ರೆ ಇಡೀ ಟೇಪು ಅಳಿಸಿ ಸಿನಿಮಾ ಹಾಡು ತುಂಬ್ತೀನಿ.'

ದಿನವೂ ಇದೇ ವಾದ. ಜೀವ ಉಳಿದದ್ದೇ ಹೆಚ್ಚು, ಇವನಿಗೆ ಟೇಪಿನ ಚಿಂತೆ! ಕೊನೆಗೆ ಕಿರುಚಿದೆ: 'ಸಾಕು ಮಾಡು ಮಾರಾಯ!'

ಅವನು ರೆಕಾರ್ಡರಿನ ಮೈಕ್ ತಂದು ನನ್ನ ಮುಂದೆ ಹಿಡಿದ. 'ಇನ್ನೊಂದ್ಸಲ ಹೇಳು.'

'ಎಂತದ್ದು?'

'ಕೋವಿ ಮಾತು. ಈಗ ಬೈದ್ಯಲ್ಲ, ಹಾಗೇ.'

ಹಳೆಯ ಮಾತಿನ ಜಾಗಕ್ಕೆ, ಅವನನ್ನು ಬೈಯುತ್ತಲೇ ಮೈಕಿಗೆ ಹೇಳಿದೆ: 'ಕೋವಿ ಕೆಳಗಿಡು ಮಾರಾಯ.'

ಸಂತೆಯ ದಿನ ಸ್ಪೀಕರ್ ಮತ್ತೆ ರಸ್ತೆಗೆ ತಿರುಗಿತು. ಎದುರಿಗೇ ಆ ಯಜಮಾನರು, ಬರಿಗೈಯಲ್ಲಿ. ನಾನು ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ. ಅವರು ಕಿವಿಗೊಟ್ಟು ಕೇಳಿದರು.

'ಯಾರದ್ದೋ ಮನೇಲಿ ಜಗಳ,' ಎಂದರು ಪಕ್ಕದವರಿಗೆ. 'ಮೆಲ್ಲಗೆ ಆಡೋಕಾಗಲ್ವಾ, ಕೂಸು ಮಲಗ್ಯದೆ.' ಬಸ್ ಹತ್ತಿ ಹೋದರು.

ಅವತ್ತು ತಲೆದಿಂಬಿಗೆ ತಲೆಯಿಟ್ಟದ್ದಷ್ಟೇ ಗೊತ್ತು, ಎದ್ದಾಗ ಬಿಸಿಲೇರಿತ್ತು. ಪೇಟೆಗೆ ಹೋದರೆ ಗೆಳೆಯನ ಅಂಗಡಿ ಇನ್ನೂ ಬಾಗಿಲು ತೆರೆದಿರಲಿಲ್ಲ; ಅವನೂ ಎದ್ದಿಲ್ಲವಂತೆ.