ಅಲೆ ಇಳಿಯುವವರೆಗೆ

ಜೀವರಕ್ಷಕ ಜಾಕೆಟ್ಟನ್ನು ಹಾಕಿಕೊಳ್ಳುವುದು ಹೇಗೆಂದು ಕಚೇರಿಯಲ್ಲೇ ಒಮ್ಮೆ ನೋಡಿಕೊಂಡು ಹೋಗೋಣ ಎಂದು ಗುಮಾಸ್ತರಿಗೆ ಅನ್ನಿಸಿದ್ದೇ ತಪ್ಪಾಯಿತು. ಹಾಕಿಕೊಂಡರು. ಎದೆಯ ಮೇಲಿನ ಕೊಕ್ಕೆ ಟಕ್ ಎಂದಿತು. ಆಮೇಲೆ ಬಿಚ್ಚಲಿಲ್ಲ. ಟೈಪಿಸ್ಟ್ ಹೇರ್‌ಪಿನ್ನು ತೂರಿಸಿ ನೋಡಿದರು, ಜವಾನ ಸ್ಕ್ರೂಡ್ರೈವರ್ ಹಾಕಿ ನೋಡಿದ, ಮೇಲಧಿಕಾರಿಗಳು ಬಂದು ಸುಮ್ಮನೆ ನೋಡಿದರು. ಕತ್ತರಿಸೋಣವೆಂದರೆ ಅದು ಕಚೇರಿಯ ಸೊತ್ತು. ಸೊತ್ತಿನ ಪುಸ್ತಕ ಬರೆಯುವವರು ಗುಮಾಸ್ತರೇ. ‘ಜಾಕೆಟ್, ಒಂದು, ಸುಸ್ಥಿತಿಯಲ್ಲಿದೆ’ ಎಂದು ಹಿಂದಿನ ವಾರವಷ್ಟೇ, ಕಪಾಟಿನ ಬಾಗಿಲನ್ನೂ ತೆರೆಯದೆ, ರುಜು ಹಾಕಿದ್ದರು.

ಹೀಗಾಗಿ ಬೆಳಗಿನ ಒಂಬತ್ತು ಗಂಟೆಗೆ, ಮೈಮೇಲೆ ಕಿತ್ತಳೆ ಬಣ್ಣದ ದಿಂಬು ಕಟ್ಟಿಕೊಂಡಂತೆ, ಅವರು ಕೆರೆಯ ಬಸ್ಸು ಹತ್ತಿದರು. ಪಕ್ಕದ ಅಜ್ಜಿ, ಈ ಬಸ್ಸು ನೀರಿಗೇನಾದರೂ ಇಳಿಯುತ್ತದೆಯೇ ಎಂದು ಕಂಡಕ್ಟರನನ್ನು ಕೇಳಿ ಖಚಿತಪಡಿಸಿಕೊಂಡು ಕೂತರು. ಗುಮಾಸ್ತರು ಹೆಂಡತಿಗೆ ಫೋನು ಮಾಡಿ ಸಂಕಟ ತೋಡಿಕೊಂಡರು. ಆಕೆ ಸಮಾಧಾನವಾಗಿ ಎಲ್ಲ ಕೇಳಿ, “ಈ ವಯಸ್ಸಲ್ಲಿ ಯಾರೋ ನಿಮ್ಮನ್ನ ಅಪ್ಪಿಕೊಂಡು ಬಿಡ್ತಾ ಇಲ್ಲ ಅಂದ್ರೆ ಇರಲಿ ಬಿಡ್ರೀ, ನನಗೇನೂ ಬೇಜಾರಿಲ್ಲ” ಎಂದರು.

ಗುಮಾಸ್ತರಿಗೆ ವಹಿಸಿದ್ದ ಕೆಲಸ ಎರಡು ಕಾಗದದ್ದು. ಒಂದು ಕೈಯಲ್ಲಿತ್ತು. ಊರಿಗೆಲ್ಲ ನೀರು ಕೊಡುವ ಕೆರೆಯಲ್ಲಿ ನೀರಿನ ಮಟ್ಟ ಅಳೆಯಲು ಹೊಸ ಮೋಟಾರು ದೋಣಿ ಬೇಕಿದೆ. ಅಂಗಡಿಯವನು ತರುವ ಎರಡರಲ್ಲಿ ಯಾವುದು ಎಂದು ಗುರುತು ಹಾಕಿ ಬರಬೇಕು. ಇನ್ನೊಂದು ಕಾಗದ ಅಂಗಿಯ ಜೇಬಿನಲ್ಲಿತ್ತು, ಅಂದರೆ ಈಗ ಜಾಕೆಟ್ಟಿನ ಒಳಗೆ ಸೆರೆಯಾಗಿತ್ತು. ಅದರಲ್ಲಿ ನೀರು ಅಳೆಯುವ ನೌಕರರ ಬಗ್ಗೆ ಒಂದೇ ಪ್ರಶ್ನೆ: ‘ಸದರಿ ನೌಕರರು ಆಯ್ಕೆಯಾದ ದೋಣಿಯನ್ನು ಒಬ್ಬರೇ ದಡಕ್ಕೆ ಎಳೆದು ಹಾಕಬಲ್ಲರೇ? ಹೌದು / ಇಲ್ಲ.’ ಇಲ್ಲ ಎಂದಾದರೆ ಅವರನ್ನು ನಾಳೆಯಿಂದಲೇ ಹಳೇ ಕಡತಗಳ ಕೋಣೆಗೆ ಹಾಕುವುದೆಂದು ಮೇಲಧಿಕಾರಿಗಳು ನಿರ್ಧರಿಸಿಯಾಗಿತ್ತು. ಐವತ್ತೇಳು ವರ್ಷದವರು ನೀರಿನ ಮೇಲೆ ಏಕೆ ಒದ್ದಾಡಬೇಕು ಎಂಬುದು ಅವರ ಕಾಳಜಿ. ಗುಮಾಸ್ತರದೂ ಅದೇ ಮನಸ್ಸು. ಕಡತಗಳ ಕೋಣೆಯಲ್ಲಿ ಫ್ಯಾನಿದೆ, ಕೈಯಿರುವ ಕುರ್ಚಿಯಿದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕಾಣುತ್ತದೆ, ಆದರೆ ಕಿಟಕಿಯಂತೂ ಇದೆ. ಗುಮಾಸ್ತರ ಮೇಜೂ ಅಲ್ಲೇ.

ಸದರಿ ನೌಕರರನ್ನು ಎಲ್ಲರೂ ಅಳತೆಯಣ್ಣ ಎನ್ನುತ್ತಿದ್ದರು. ಕೆರೆಯಲ್ಲಿ ಅಲ್ಲಲ್ಲಿ ನೆಟ್ಟ ಏಳು ಕಂಬಗಳಿವೆ, ಸ್ಕೇಲಿನ ಹಾಗೆ ಗೆರೆ, ಅಂಕಿ ಬರೆದವು. ದಿನವೂ ಬೆಳಿಗ್ಗೆ ಏಳೂ ಕಂಬಗಳ ಹತ್ತಿರ ಹೋಗಿ ನೀರು ಯಾವ ಗೆರೆಯಲ್ಲಿದೆ ಎಂದು ಬರೆದುಕೊಂಡು ಬರುವುದು ಅವರ ಕೆಲಸ, ಇಪ್ಪತ್ತೊಂಬತ್ತು ವರ್ಷದಿಂದ. ಕಂಡ ಅಂಕಿಯನ್ನಲ್ಲದೆ ಬೇರೊಂದನ್ನು ಬರೆದವರಲ್ಲ. ಒಮ್ಮೆ ವಿಪರೀತ ಗಾಳಿಯ ದಿನ, ಅಂದಾಜಿನಲ್ಲಿ ಏನಾದರೂ ಬರೆದುಬಿಡಿ ಎಂದು ಕಚೇರಿಯಿಂದ ಫೋನು ಹೋದಾಗ, ‘ಗಾಳಿ. ಓದಲಾಗಲಿಲ್ಲ’ ಎಂದು ಏಳು ಸಲ ಬರೆದು ಕಳಿಸಿದ್ದರು. ಮನೆಯಲ್ಲೂ ಅದೇ ಕಥೆಯಂತೆ. ಹಾಲಿನವನು ಪಾತ್ರೆಗೆ ಹಾಲು ಹೊಯ್ದರೆ, ನೊರೆ ಇಳಿಯುವವರೆಗೆ ಇವರು ಬಾಗಿಲಲ್ಲೇ ನಿಲ್ಲುತ್ತಾರೆ, ಹಾಲಿನವನೂ ನಿಲ್ಲಬೇಕು. ಹೆಂಡತಿ ತಲೆ ಚಚ್ಚಿಕೊಂಡು ಒಳಗೆ ಹೋಗುತ್ತಾರೆ. ಆದರೆ ಊಟಕ್ಕೆ ಕೂತಾಗ ಆಕೆಯ ಮೊದಲ ಪ್ರಶ್ನೆ ಇಂದಿಗೂ, “ಇವತ್ತು ಎಷ್ಟು?”

ಕೆರೆಯ ದಡದಲ್ಲಿ ಎರಡೂ ದೋಣಿ ಪಕ್ಕಪಕ್ಕ ತೇಲುತ್ತಿದ್ದವು. ಒಂದು ನೀಲಿ, ಒಂದು ಬೂದು. ಉದ್ದ ಒಂದೇ, ಅಗಲ ಒಂದೇ, ಹಿಂಬದಿಗೆ ಕಚ್ಚಿಸಿದ ಮೋಟಾರೂ ಒಂದೇ ಅಳತೆಯದು. ಅವಳಿ ಮಕ್ಕಳನ್ನು ತೋರಿಸುವ ತಂದೆಯ ಹಾಗೆ ನಿಂತಿದ್ದ ಅಂಗಡಿಯವನು ಗುಮಾಸ್ತರ ಜಾಕೆಟ್ ನೋಡಿ, ಯಜಮಾನರು ತಯಾರಾಗಿಯೇ ಬಂದಿದ್ದಾರೆ ಎಂದು ಮೆಚ್ಚಿಕೊಂಡ. ಗುಮಾಸ್ತರು ಗಂಭೀರವಾಗಿ ತಲೆಯಾಡಿಸಿದರು. ಅವನ ಒಲವೆಲ್ಲ ನೀಲಿಯ ಮೇಲಿತ್ತು. ನೀಲಿಯದು ಚಪ್ಪಟೆ ತಳ, ಮೂವತ್ತು ಕಿಲೋ ಹಗುರ, ಕಿವಿ ಹಿಂಡಿದರೆ ಸಾಕು ತಿರುಗುತ್ತದೆ. ಬೂದು ದೋಣಿಯ ತಳದಲ್ಲಿ ಉದ್ದಕ್ಕೂ ಬೆನ್ನೆಲುಬಿನ ಹಾಗೆ ಉಬ್ಬಿದ ಒಂದು ಏಣು ಇದೆ, ಭಾರ, ಸ್ವಲ್ಪ ಹಟಮಾರಿ. ಗುಮಾಸ್ತರು ಅಲ್ಲೇ ಮನಸ್ಸಿನಲ್ಲಿ ನೀಲಿಗೆ ಗುರುತು ಹಾಕಿಬಿಟ್ಟರು. ಹಗುರವಾದದ್ದಾದರೆ ಎರಡನೇ ಕಾಗದಕ್ಕೂ ಹೌದು ಎನ್ನಬಹುದೇನೋ, ಯಾರ ಮನಸ್ಸೂ ನೋಯುವುದಿಲ್ಲ. ಮಧ್ಯಾಹ್ನದ ಬಸ್ಸೂ ಸಿಗುತ್ತದೆ.

ದಡದಲ್ಲಿ ಕಾಯುತ್ತಿದ್ದ ಅಳತೆಯಣ್ಣ ನೀಲಿ ದೋಣಿ ಹತ್ತಿದರು. ಗುಮಾಸ್ತರು ಮುಂದೆ ಕೂತರು. ಮೋಟಾರಿನ ಹಗ್ಗ ಎರಡು ಸಲ ಎಳೆದದ್ದೇ, ದೋಣಿ ಹಾರಿಕೊಂಡು ಹೊರಟಿತು. ಗುಮಾಸ್ತರಿಗೆ ಖುಷಿಯಾಯಿತು. ಮೂರನೇ ಕಂಬದ ಹತ್ತಿರ ಅಳತೆಯಣ್ಣ ಮೋಟಾರು ನಿಲ್ಲಿಸಿದರು. ದೋಣಿ ತಕ್ಷಣ ನಿಂತು, ಮೂತಿ ಬೇರೆ ಕಡೆಗೆ ತಿರುಗಿಸಿತು. ಮತ್ತೆ ಮೋಟಾರು ಹಾಕಿ ಕಂಬದ ಪಕ್ಕಕ್ಕೇ ತರಬೇಕಾಯಿತು. ಆಮೇಲೆ ಅವರು ಪುಸ್ತಕ ತೆರೆದರು, ಪೆನ್ಸಿಲ್ ಹಿಡಿದರು, ಹಾಗೇ ಕೂತರು.

ಒಂದು ನಿಮಿಷವಾಯಿತು. ಎರಡಾಯಿತು. ಗುಮಾಸ್ತರು ವಾಚು ನೋಡಿಕೊಂಡರು. ಪಾಪ, ಕಣ್ಣು ಮಂಜಾಗಿರಬೇಕು ಎಂದುಕೊಂಡರು. ಅಥವಾ ತೂಕಡಿಕೆಯೋ. ತಮಗೇ ಅಂಕಿ ಕಂಡರೆ ಹೇಳಿಬಿಡೋಣ ಎಂದು ಕಂಬದತ್ತ ಬಗ್ಗಿದರು.

“ಸಾರ್, ಸ್ವಲ್ಪ ಅಲ್ಲಾಡದೆ ಕೂತ್ಕೊಳ್ಳಿ,” ಎಂದರು ಅಳತೆಯಣ್ಣ. “ಈಗ ತಾನೇ ಇಳೀತಾ ಇತ್ತು.”

ಆಗ ಗುಮಾಸ್ತರು ಕಂಬವನ್ನು ಸರಿಯಾಗಿ ನೋಡಿದರು. ನೀರು ಒಂದು ಗೆರೆಯಲ್ಲಿರಲಿಲ್ಲ. ತಮ್ಮ ದೋಣಿಯೇ ಎಬ್ಬಿಸಿದ ಅಲೆ ಕಂಬಕ್ಕೆ ಬಡಿದು ಮೇಲೆ ಮೂರು ಗೆರೆ, ಕೆಳಗೆ ಮೂರು ಗೆರೆ ಆಡುತ್ತಿತ್ತು. ತಾವು ಬಗ್ಗಿದ್ದಕ್ಕೆ ಇನ್ನೊಂದು ಸಣ್ಣ ಅಲೆ ಹುಟ್ಟಿ ಅದರ ಜೊತೆ ಸೇರಿಕೊಂಡಿತ್ತು. ಅವರು ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತ ಕೂತರು. ಜಾಕೆಟ್ಟಿನೊಳಗೆ ಕಾಗದ ಒಮ್ಮೆ ಸರಕ್ ಎಂದಿತು.

ದಿನಕ್ಕೆ ಏಳು ಕಂಬ, ಇಪ್ಪತ್ತೊಂಬತ್ತು ವರ್ಷ. ಗುಮಾಸ್ತರು ಮನಸ್ಸಿನಲ್ಲೇ ಗುಣಿಸಲು ಹೋಗಿ ಬಿಟ್ಟುಬಿಟ್ಟರು. ಈ ಮನುಷ್ಯ ತನ್ನ ಆಯುಷ್ಯದ ಎಷ್ಟೋ ಭಾಗವನ್ನು, ತಾನು ಬಂದಿದ್ದರಿಂದಲೇ ಎದ್ದ ಅಲೆ ಇಳಿಯಲಿ ಎಂದು ಕಾಯುವುದರಲ್ಲಿ ಕಳೆದಿದ್ದಾನೆ. ತಾವಾದರೋ ಅದೇ ಇಪ್ಪತ್ತೊಂಬತ್ತು ವರ್ಷ, ಎಲ್ಲಿಗೆ ಹೋದರೂ ಅಲೆ ಎಬ್ಬಿಸಿ, ಅದು ಇಳಿಯುವ ಮುಂಚೆಯೇ ಅಂಕಿ ಬರೆದುಕೊಂಡು ಬಂದವರು. ಕಪಾಟು ತೆರೆಯದೆ ರುಜು ಹಾಕಿದವರು. ಆ ರುಜು ಎದೆಯ ಮೇಲೆ ಬಿಗಿಯಾಗಿ ಕೂತಿತ್ತು.

ಐದನೇ ನಿಮಿಷಕ್ಕೆ ಅಳತೆಯಣ್ಣ ಅಂಕಿ ಬರೆದುಕೊಂಡರು.

ಬೂದು ದೋಣಿ ಹೊರಟಿದ್ದೇ ನಿಧಾನವಾಗಿ. ಆದರೆ ಅದೇ ಕಂಬಕ್ಕೆ ಇನ್ನೂ ಅಷ್ಟು ದೂರವಿರುವಾಗಲೇ ಅಳತೆಯಣ್ಣ ಮೋಟಾರು ನಿಲ್ಲಿಸಿದರು. ಇಲ್ಲೇ ಕೂತುಬಿಡುತ್ತೇವೆ ಎಂದು ಗುಮಾಸ್ತರು ಗಾಬರಿಯಾದರು. ಕೂರಲಿಲ್ಲ. ತಳದ ಏಣು ನೀರನ್ನು ಸೀಳಿಕೊಂಡು, ಸದ್ದಿಲ್ಲದೆ, ಗೆರೆ ಎಳೆದ ಹಾಗೆ ದೋಣಿ ಸಾಗಿ ಕಂಬದ ಪಕ್ಕ ಬಂದು ನಿಂತಿತು. ನೀರು ಒಮ್ಮೆ ಅಲುಗಿ ಸುಮ್ಮನಾಯಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಂಕಿಯನ್ನು ಗುಮಾಸ್ತರೂ ಓದಿದರು, ತಮ್ಮ ಕಣ್ಣಾರೆ.

“ಇದೇ, ಸಾರ್,” ಎಂದರು ಅಳತೆಯಣ್ಣ.

ಗುಮಾಸ್ತರಿಗೆ ಸುಮ್ಮನಿರಲಾಗಲಿಲ್ಲ. ಜೇಬಿನಲ್ಲಿರುವ ಇನ್ನೊಂದು ಕಾಗದದ ವಿಷಯ ಬಾಯಿಬಿಟ್ಟರು. ಬೂದುವನ್ನು ಆರಿಸಿದರೆ ಅದನ್ನು ಒಬ್ಬರೇ ಎಳೆಯುವುದನ್ನು ತೋರಿಸಬೇಕಾಗುತ್ತದೆ, ನೀಲಿಯಾದರೆ ಸುಲಭ, ಯೋಚನೆ ಮಾಡಿ ಎಂದರು. ಅಳತೆಯಣ್ಣ ಕಂಬವನ್ನೇ ನೋಡುತ್ತಿದ್ದರು.

“ಗೊತ್ತು ಸಾರ್, ಜವಾನ ಫೋನ್ ಮಾಡಿ ಹೇಳಿದ,” ಎಂದರು. “ಆ ಕೋಣೆಯಲ್ಲಿ ನಾನು ಏನನ್ನ ನೋಡ್ಕೊಂಡು ಕೂರಲಿ?”

ಪಕ್ಕದ ಗೋಡೆಯನ್ನು ಹನ್ನೆರಡು ವರ್ಷದಿಂದ ನೋಡುತ್ತಿರುವ ಗುಮಾಸ್ತರು ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿಕೊಂಡರು.

“ನೀಲಿ ತಗೊಂಡರೆ ಏಳು ಕಂಬಕ್ಕೆ ಕಾಯೋದಕ್ಕೇ ಮೂವತ್ತೈದು ನಿಮಿಷ ಬೇಕು,” ಎಂದು ಅಳತೆಯಣ್ಣ ಮತ್ತೆ ಹೇಳಿದರು. “ಅಷ್ಟು ಹೊತ್ತಿಗೆ ಗಾಳಿ ಏಳುತ್ತೆ. ಆಮೇಲೆ ಅಂದಾಜಲ್ಲಿ ಬರೀಬೇಕು.” ಅಂದಾಜು ಎಂಬ ಮಾತನ್ನು ಅವರು, ಬೇರೆಯವರು ಲಂಚ ಎಂಬ ಮಾತನ್ನು ಆಡುವ ಹಾಗೆ, ತಗ್ಗಿದ ದನಿಯಲ್ಲಿ ಆಡಿದರು.

ದಡಕ್ಕೆ ಬಂದು ಗುಮಾಸ್ತರು ಕೈಯಲ್ಲಿದ್ದ ಕಾಗದದಲ್ಲಿ ಬೂದು ದೋಣಿಗೆ ಗುರುತು ಹಾಕಿದರು. ಅಂಗಡಿಯವನು ನೀಲಿ ದೋಣಿಯನ್ನು ಗಾಡಿಗೆ ಏರಿಸಿಕೊಂಡು, ಮುಖ ಸಣ್ಣ ಮಾಡಿಕೊಂಡು ಹೊರಟುಹೋದ. ಅಳತೆಯಣ್ಣ ಮೋಟಾರನ್ನು ಮೇಲಕ್ಕೆ ಮಡಚಿ, ಹಳೇ ನೀರಿನ ಪೈಪಿನ ಮೂರು ತುಂಡುಗಳನ್ನು ಇಳಿಜಾರಿನಲ್ಲಿ ಅಡ್ಡಡ್ಡ ಜೋಡಿಸಿದರು, ದೋಣಿ ಉರುಳಿ ಬರಲೆಂದು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡರು. ಗುಮಾಸ್ತರಿಗೆ ನೋಡುತ್ತ ನಿಲ್ಲಲಾಗಲಿಲ್ಲ. ಯಾರೂ ನೋಡುತ್ತಿಲ್ಲ, ನಾನೂ ಒಂದು ಕೈ ಹಾಕುತ್ತೇನೆ ಎಂದು ಅವರ ಹಿಂದೆ ಹಗ್ಗ ಹಿಡಿದರು. ಅಳತೆಯಣ್ಣ ಬೇಡವೆನ್ನುವಷ್ಟರಲ್ಲಿ ಎಳೆದೂ ಬಿಟ್ಟರು.

ಕೆಸರು ನುಣ್ಣಗಿತ್ತು. ಕಚೇರಿಯ ಚಪ್ಪಲಿ ಅದಕ್ಕಿಂತ ನುಣ್ಣಗಿತ್ತು. ದೋಣಿಯ ಮೂತಿ ಮೊದಲ ಪೈಪಿನ ಮೇಲೆ ಏರುತ್ತಿದ್ದಂತೆ ಗುಮಾಸ್ತರ ಕಾಲು ನೀರಿನ ಕಡೆಗೆ ಜಾರತೊಡಗಿತು. ಹಗ್ಗ ಬಿಡಬಾರದೆಂದು ಹಲ್ಲು ಕಚ್ಚಿ, ಎದೆ ಉಬ್ಬಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದರು. ಕೊಕ್ಕೆ ಟಕ್ ಎಂದಿತು. ಬೆಳಗಿನಿಂದ ಇಡೀ ಕಚೇರಿಗೆ ಜಗ್ಗದ ಜಾಕೆಟ್ಟು ಬಾಯಿ ತೆರೆಯಿತು, ಹಗ್ಗ ಕೈ ತಪ್ಪಿತು, ಗುಮಾಸ್ತರು ಕೆಸರಿನಲ್ಲಿ ಊಟಕ್ಕೆ ಕೂತವರ ಹಾಗೆ ಕೂತುಬಿಟ್ಟರು.

ಎದ್ದು, ಕನ್ನಡಕ ಹುಡುಕಿ, ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ದೋಣಿ ಇಳಿಜಾರಿನ ತುದಿಯಲ್ಲಿದ್ದ ಶೆಡ್ಡಿನ ಬಾಗಿಲಿಗೆ ಹೋಗಿ ಸೇರಿತ್ತು. ಅಳತೆಯಣ್ಣ ಅದರ ಕೆಳಗೆ ಕಲ್ಲು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಉಸಿರು ಜೋರಾಗಿತ್ತು. ಗುಮಾಸ್ತರು ಹತ್ತಿರ ಹೋಗಿ, ಆ ಉಸಿರು ಇಳಿಯುವವರೆಗೆ ಏನೂ ಮಾತಾಡದೆ ನಿಂತರು. ವಾಚು ನೋಡಲಿಲ್ಲ. ಬಸ್ಸು ಹೋದ ಸದ್ದು ಕೇಳಿಸಿತು.

ಆಮೇಲೆ ಜೇಬಿನಿಂದ ಬೆವರಿಗೆ ಮೆತ್ತಗಾದ ಕಾಗದ ತೆಗೆದು ಮೊಣಕಾಲ ಮೇಲೆ ಬಿಡಿಸಿದರು. ಹೌದು ಎಂದು ಗುರುತು ಹಾಕಲು ಕೈ ತುರಿಸುತ್ತಿತ್ತು. ಆದರೆ ಇವತ್ತು ಕಾಣದ್ದನ್ನು ಬರೆಯುವುದು ಬೇಡ ಅನ್ನಿಸಿತು. ಬಿದ್ದಾಗ ಕನ್ನಡಕವಿಲ್ಲದ ಅವರಿಗೆ ಕಂಡದ್ದು ಮಂಜು ಮಾತ್ರ.

“ನೀವೇ ಹೇಳಿಬಿಡಿ, ಅಣ್ಣ,” ಎಂದರು. “ಇದನ್ನ ನೀವು ಒಬ್ಬರೇ ಎಳೆದಿರಾ?”

ಅಳತೆಯಣ್ಣ ನೀರಿನಂಚಿನಿಂದ ಶೆಡ್ಡಿನವರೆಗೆ ಒಮ್ಮೆ ಕಣ್ಣು ಹಾಯಿಸಿದರು.

“ಆರು ಮೀಟರ್ ನಲವತ್ತು ಒಬ್ಬನೇ ಎಳೆದಿದ್ದು, ಸಾರ್. ಅದಕ್ಕೆ ಮುಂಚಿನ ಅರವತ್ತು ಸೆಂಟಿಮೀಟರ್ ನಿಮ್ಮನ್ನೂ ಎಳೀತಾ ಇದ್ದೆ.”