ತಡವಾಗಿ ಬೀಳುವ ಏಟು

ಉಮ್ಲಾಜಿ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹ್ಲೆಂಗಿವೆಗೆ ರಜೆಯ ದಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಕುಣಿತದ ಹಾಡು ಕಟ್ಟುವ ಹುಚ್ಚು. ಆರು ವರ್ಷದಲ್ಲಿ ನಲವತ್ತು ಹಾಡು ಶುರುಮಾಡಿ ಒಂದನ್ನೂ ಮುಗಿಸಿರಲಿಲ್ಲ. ಕೊನೆಯದರಲ್ಲಿ ಡ್ರಮ್ಮಿನ ಏಟೊಂದು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಅದನ್ನು ಸರಿಮಾಡಿದರೆ ಇನ್ನೇನೋ ಕೆಡುತ್ತಿತ್ತು. ಹೀಗೇ ನಾಲ್ಕು ತಿಂಗಳು ಕಳೆದವು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಜನ ತುಂಬಿದ ವ್ಯಾನ್ ಟ್ಯಾಕ್ಸಿಯಲ್ಲಿ ಅದೇ ಹಾಡು ಮೊಳಗಿತು. ಅವಳ ತಮ್ಮ ಝಾಖೆಲೆ ಹೇಳದೆ ಕೇಳದೆ ಪೆನ್‌ಡ್ರೈವಿಗೆ ಹಾಕಿಕೊಂಡು ಗೆಳೆಯರಿಗೆ ಹಂಚಿದ್ದ. ಪಕ್ಕದವರೆಲ್ಲ ಕೂತಲ್ಲೇ ಭುಜ ಕುಣಿಸುತ್ತಿದ್ದರು. ಆ ಏಟು ಬಿದ್ದಾಗಲೆಲ್ಲ ಹ್ಲೆಂಗಿವೆಗೆ ಮೈ ಉರಿಯುತ್ತಿತ್ತು.

"ನಿಲ್ಸಪ್ಪಾ ಅದನ್ನ. ನಾನು ಮಾಡಿದ್ದು, ಇನ್ನೂ ಮುಗ್ದಿಲ್ಲ," ಎಂದಳು.

"ಹೌದಾ ಅಕ್ಕಾ? ಹಾಗಾದ್ರೆ ಈ ಟ್ಯಾಕ್ಸೀನೂ ನೀನೇ ಮಾಡಿರ್ಬೇಕು," ಎಂದು ಡ್ರೈವರ್ ಸದ್ದು ಇನ್ನಷ್ಟು ಏರಿಸಿದ. ಎಲ್ಲರೂ ನಕ್ಕರು.

ಆ ಭಾನುವಾರ ಹಟ ಹಿಡಿದು ಕೂತು ಏಟನ್ನು ಕೊನೆಗೂ ಸರಿಮಾಡಿದಳು. ತಮ್ಮನನ್ನು ಕರೆದು ಕೇಳಿಸಿದಳು. ಅವನು ಅರ್ಧಕ್ಕೇ ತಲೆ ಕೆರೆದುಕೊಂಡ.

"ಅಕ್ಕಾ, ಬೈಬೇಡ. ಮೊದಲಿದ್ದದ್ದೇ ಚೆನ್ನಾಗಿತ್ತು. ಇದಕ್ಕೆ ಕಾಲೇ ಏಳ್ತಿಲ್ಲ."

ಅವನು ಹೇಳಿದ್ದು ನಿಜವೆಂದು ಅವಳ ಕಿವಿಗೂ ಗೊತ್ತಾಗಿತ್ತು, ಅದನ್ನೇ ಸಹಿಸಲಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಬಕೆಟ್ಟಿನಲ್ಲಿ ನೆನೆದಿದ್ದ ಯೂನಿಫಾರ್ಮನ್ನು ಹರಿದುಹೋಗುವಂತೆ ಉಜ್ಜತೊಡಗಿದಳು.